ಸಂಗೀತ ಕಚೇರಿ ಮುಗಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪಿಟೀಲು ಕಳುವಾಗಿದೆ. ಹುಡುಕೋದು ಹೇಗೆ?

ಮಂದ್ರಪಂಚಮ:

ನಮಸ್ಕಾರ. ನಾನು ಮೈಸೂರಿನವಳು. ಈಗ ಬೆಂಗಳೂರಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ, ಆಗಾಗ ಪಕ್ಕವಾದ್ಯಕ್ಕೂ ಹೋಗುತ್ತೇನೆ. ಮೊನ್ನೆ ರಾಮೋತ್ಸವದ ಕಚೇರಿಯೊಂದರಲ್ಲಿ ನುಡಿಸಿದೆ. ಯಾವ ಸಭೆ ಅಂತ ಬರೆಯುವುದಿಲ್ಲ, ಪಾಪ ಅವರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಪೆಂಡಾಲಿನ ಹಿಂದೆ ಕಲಾವಿದರಿಗೆ ಅಂತ ತಗಡಿನ ಶೀಟು ಹಾಕಿ ಒಂದು ಕೋಣೆ ಮಾಡಿದ್ದರು. ಬೀಗ ಇತ್ತು, ಕಾವಲಿಗೆ ಒಬ್ಬ ಹುಡುಗನೂ ಇದ್ದ. ನಾವೆಲ್ಲ ವಾದ್ಯ ಒಳಗಿಟ್ಟು, ಬೀಗ ಹಾಕಿಸಿ ಊಟಕ್ಕೆ ಹೋದೆವು. ವಾಪಸ್ ಬಂದರೆ ಹಿಂಬದಿಯ ಶೀಟನ್ನೇ ಬಗ್ಗಿಸಿ ಒಳಗೆ ನುಗ್ಗಿದ್ದಾರೆ. ಮೃದಂಗ ಇದ್ದಲ್ಲೇ ಇದೆ. ಘಟ ಅಲುಗಾಡಿಲ್ಲ. ನನ್ನ ಪಿಟೀಲು ಪೆಟ್ಟಿಗೆ, ಗಾಯಕರ ಕೈಚೀಲ, ಯಾರದೋ ಪವರ್ ಬ್ಯಾಂಕ್ ಹೋಗಿವೆ.

ಪಿಟೀಲು ನಮ್ಮ ಮೇಷ್ಟ್ರದ್ದು. ಅವರ ಕೈ ನಡುಗೋಕೆ ಶುರುವಾದ ಮೇಲೆ ನನಗೆ ಕೊಟ್ಟರು. ಈಗ ಅವರಿಲ್ಲ. ಹಳೆಯ ಜರ್ಮನ್ ಪಿಟೀಲು. ಒಳಗೆ ಸ್ಟ್ರಾಡಿವೇರಿಯಸ್ ಅಂತ, ಇಟಲಿಯ ಹೆಸರಾಂತ ಪಿಟೀಲು ತಯಾರಕನ ಹೆಸರಿನ ಚೀಟಿ ಇದೆ, ಅದರ ಕೆಳಗೇ ಮೇಡ್ ಇನ್ ಜರ್ಮನಿ ಅಂತಲೂ ಇದೆ, ಹಾಗಾಗಿ ಯಾರೂ ಕೋಟಿ ರೂಪಾಯಿ ಮಾಲು ಅಂದುಕೊಳ್ಳಬೇಡಿ. ಮೇಲಿನ ತಂತಿಗಳು ಸಾಧಾರಣ. ಆದರೆ ಮಂದ್ರ ಪಂಚಮದಲ್ಲಿ, ಅಂದರೆ ಕೆಳಗಿನ ಸ್ಥಾಯಿಯ ಪ ತಂತಿಯಲ್ಲಿ, ತೋಡಿ ರಾಗವೋ ಶಹಾನವೋ ಎಳೆದರೆ ಅದರ ನಾದ ಎದೆಗೂಡಿನಲ್ಲಿ ತಾಗುತ್ತಿತ್ತು, ನಾವು ಪಿಟೀಲನ್ನು ಎದೆಗೆ ಒತ್ತಿ ಹಿಡಿಯುವವರು ಅಲ್ವಾ, ಅದು ಕೇಳುವವರಿಗಿಂತ ನುಡಿಸುವವರಿಗೆ ಜಾಸ್ತಿ ಗೊತ್ತಾಗುತ್ತದೆ. ಪೆಟ್ಟಿಗೆಯಲ್ಲಿ ಎರಡು ಕಮಾನು, ಅದಕ್ಕೆ ಉಜ್ಜುವ ರೋಸಿನ್, ಮೇಷ್ಟ್ರ ಕೈಬರಹದ ವರ್ಣಗಳ ಪುಸ್ತಕ ಎಲ್ಲ ಇದ್ದವು.

ಠಾಣೆಗೆ ಹೋದೆ. ಅವರು ಒಳ್ಳೆಯ ಮಾತಿನಲ್ಲೇ, ಮೇಡಂ ಆನ್‌ಲೈನ್‌ನಲ್ಲಿ ಇ-ಲಾಸ್ಟ್ ಹಾಕಿಬಿಡಿ, ಸಿಕ್ಕರೆ ಫೋನ್ ಮಾಡುತ್ತೇವೆ ಅಂದರು. ಬಿಲ್ ಇದೆಯಾ ಅಂತ ಕೇಳಿದರು. ಮೇಷ್ಟ್ರು ಪ್ರಾಯದಲ್ಲಿ ಕೊಂಡದ್ದಕ್ಕೆ ಬಿಲ್ ಎಲ್ಲಿಂದ ತರಲಿ? ಗುರುತು ಹೇಳಿ ಅಂದಾಗ "ಕಂದು ಬಣ್ಣ" ಅಂದೆ. ಪ್ರಪಂಚದ ಎಲ್ಲ ಪಿಟೀಲೂ ಕಂದು ಬಣ್ಣವೇ.

ಇ-ಲಾಸ್ಟ್ ಸಾಕಾ, ಎಫ್‌ಐಆರ್ ಬೇಕಾ? ಎಲ್ಲೆಲ್ಲಿ ಹುಡುಕಬೇಕು? ಇನ್ನೊಂದು, ಇದು ಕಾನೂನಿನ ಪ್ರಶ್ನೆ ಅಲ್ಲ: ಮೇಷ್ಟ್ರ ಮನೆಯವರು, ನಾವೆಲ್ಲ ಅಮ್ಮ ಅಂತಲೇ ಕರೆಯೋದು, ಮೈಸೂರಿನಲ್ಲಿದ್ದಾರೆ. ಅವರಿಗೆ ಹೇಳಬೇಕಾ, ಸಿಗುವ ತನಕ ಸುಮ್ನೆ ಇರಬೇಕಾ? ವಯಸ್ಸಾಗಿದೆ. ಪಾಠ ನಿಂತಿದೆ, ಮುಂದೆ ಒಪ್ಪಿಕೊಂಡ ಕಚೇರಿಗಳಿವೆ, ಹೊಸದು ಕೊಳ್ಳಬೇಕಾ ಅನ್ನುವುದೂ ತಲೆಯಲ್ಲಿ ಓಡುತ್ತಿದೆ.

ಕೋರ್ಟ್_ಕಾರಿಡಾರ್:

ಮೇಡಂ, ಮೊದಲ ಪ್ರಶ್ನೆಗೆ ಉತ್ತರ: ಇ-ಲಾಸ್ಟ್ ಸಾಲದು. ಅದು ಕಳೆದುಹೋದ ವಸ್ತುಗಳಿಗೆ, ಅಂದರೆ ಬಸ್ಸಿನಲ್ಲಿ ಬಿಟ್ಟ ಆಧಾರ್ ಕಾರ್ಡು, ಎಲ್ಲೋ ಬಿದ್ದ ಮಾರ್ಕ್ಸ್ ಕಾರ್ಡು ಇಂಥವಕ್ಕೆ. ಅದರ ಮೇಲೆ ತನಿಖೆ ನಡೆಯೋದಿಲ್ಲ. ನಿಮ್ಮದು ಶೀಟು ಬಗ್ಗಿಸಿ ಒಳಗೆ ನುಗ್ಗಿ ಮಾಡಿದ ಕಳ್ಳತನ. ಎಫ್‌ಐಆರ್ ಆಗಲೇಬೇಕು.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಾಮಾನ್ಯ ಕಳ್ಳತನ 303ನೇ ಕಲಂ. ಮನೆಯಲ್ಲಿ, ಅಥವಾ ವಸ್ತುಗಳನ್ನು ಜೋಪಾನವಾಗಿ ಇಡಲು ಬಳಸುವ ಕಟ್ಟಡದಲ್ಲಿ, ಟೆಂಟಿನಲ್ಲಿ ನಡೆದರೆ 305, ಅದಕ್ಕೆ ಶಿಕ್ಷೆ ಜಾಸ್ತಿ. ಕಲಾವಿದರ ಸಾಮಾನು ಇಡೋಕೆ ಅಂತಲೇ ಬೀಗ ಹಾಕಿದ ಕೋಣೆ ಅದು, ಆದ್ದರಿಂದ 305 ಅಂತ ವಾದ ಮಾಡೋಕೆ ಜಾಗ ಇದೆ. ದೂರಿನಲ್ಲಿ ಬೀಗ, ಕಾವಲು, ಬಗ್ಗಿಸಿದ ಶೀಟು ಮೂರನ್ನೂ ಬರೆಯಿರಿ.

ಈಗ ಮುಖ್ಯ ವಿಷಯ. ಬೆಲೆ ಎಷ್ಟು ಅಂತ ಬರೆದಿದ್ದೀರಿ? ಹೊಸ ಕಾನೂನಿನಲ್ಲಿ ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ 303ರ ಕೆಳಗೆ ಅದು ಅಸಂಜ್ಞೇಯ ಅಪರಾಧ ಆಗಿಬಿಡುತ್ತದೆ. ಆಗ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗೇ ಇಲ್ಲ. "ಹಳೆಯ ಪಿಟೀಲು ಒಂದು, ಬೆಲೆ ಅಂದಾಜು 3,000" ಅಂತ ಯಾರಾದರೂ ಬರೆದುಕೊಂಡರೆ ಅಲ್ಲಿಗೆ ಕಥೆ ಮುಗಿಯಿತು. ಹಳೆಯದು ಅಂದ ಕೂಡಲೇ ಬೆಲೆ ಇಲ್ಲದ್ದು ಅಂದುಕೊಳ್ಳುವವರೇ ಹೆಚ್ಚು. ವಾದ್ಯ ರಿಪೇರಿ ಮಾಡುವವರೊಬ್ಬರಿಂದ ಈಗಿನ ಮಾರುಕಟ್ಟೆ ಬೆಲೆ ಬರೆಸಿಕೊಳ್ಳಿ. ಎರಡು ಕಮಾನು, ಪೆಟ್ಟಿಗೆ ಎಲ್ಲ ಸೇರಿಸಿ.

ಬಿಲ್ ಇಲ್ಲದಿದ್ದರೆ ದೂರು ತಗೊಳ್ಳೋದಿಲ್ಲ ಅನ್ನೋ ನಿಯಮ ಎಲ್ಲೂ ಇಲ್ಲ. ನಿಮ್ಮ ಕೈಯಲ್ಲಿ ಇತ್ತು ಅನ್ನೋಕೆ ಫೋಟೋ, ಕಚೇರಿ ವಿಡಿಯೋ, ರಿಪೇರಿ ಚೀಟಿ ಏನಾದರೂ ಸರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಡಿಸಿಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಇಮೇಲ್ ಮುಂತಾದ ಕಡೆಯಿಂದಲೂ ದೂರು ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ.

ಇವತ್ತೇ ಮಾಡಬೇಕಾದದ್ದು ಇನ್ನೊಂದಿದೆ. ಪೆಂಡಾಲಿನ ಸುತ್ತ ಅಂಗಡಿ, ಎಟಿಎಂ, ಅಪಾರ್ಟ್‌ಮೆಂಟ್ ಸಿಸಿಟಿವಿ. ಅವುಗಳಲ್ಲಿ ಹಳೆಯದರ ಮೇಲೆ ಹೊಸದು ತಾನಾಗಿ ರೆಕಾರ್ಡ್ ಆಗುತ್ತಾ ಹೋಗುತ್ತದೆ. ಪೊಲೀಸರು ಬರುವ ತನಕ ಅಳಿಸಬೇಡಿ ಅಂತ ಒಂದೊಂದು ಪತ್ರ ಕೊಟ್ಟು ಬನ್ನಿ.

ಬಿರಡೆ_ತಿರುವವ:

ನಾನು ಬಳೇಪೇಟೆ ಕಡೆ ತಂತಿವಾದ್ಯ ರಿಪೇರಿ ಮಾಡುವವನು. ಅಕ್ಕ, ನೀವು ಕಂದು ಬಣ್ಣ ಅಂದಿದ್ದು ಓದಿ ನಗು ಬಂತು, ಬೇಜಾರಾಗಬೇಡಿ, ದೊಡ್ಡ ದೊಡ್ಡ ವಿದ್ವಾಂಸರೂ ಹೀಗೇ. ಕಣ್ಣು ಮುಚ್ಚಿಕೊಂಡು ಕೈಗೆ ಕೊಟ್ಟರೆ ನನ್ನದು ಅಂತ ಹೇಳುತ್ತಾರೆ, ಬಾಯಲ್ಲಿ ವರ್ಣಿಸಿ ಅಂದರೆ ಮಾತೇ ಹೊರಡೋದಿಲ್ಲ.

ಮೊದಲು ಆ ಚೀಟಿಯ ವಿಷಯ ಬಿಡಿ. ಸ್ಟ್ರಾಡಿವೇರಿಯಸ್ ಅಂತ ಬರೆದ ಚೀಟಿ ಗುರುತೇ ಅಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ ಮಾರ್ಕ್‌ನೊಯ್‌ಕಿರ್ಖೆನ್ ಅಂತ ಊರಿದೆ. ಅದರ ಸುತ್ತಮುತ್ತ ಒಂದು ಮನೆಯಲ್ಲಿ ಕುತ್ತಿಗೆ, ಇನ್ನೊಂದು ಮನೆಯಲ್ಲಿ ಹಲಗೆ ಹೀಗೆ ಭಾಗ ಭಾಗ ಮಾಡಿಸಿ, ಜೋಡಿಸಿ ಪ್ರಪಂಚಕ್ಕೆಲ್ಲ ಕಳಿಸಿದರು. ಯಾರ ಮಾದರಿಯೋ ಅವರ ಹೆಸರಿನ ಚೀಟಿ ಅಂಟಿಸಿದರು. ನಮ್ಮ ಕಡೆಯ ಹಳೆಯ ಜರ್ಮನ್ ಪಿಟೀಲು ಬಹಳಷ್ಟು ಅಲ್ಲಿಯವೇ. ತಿಂಗಳಿಗೆ ಒಬ್ಬರಾದರೂ ಆ ಚೀಟಿ ತೋರಿಸಿ ಕೋಟಿ ಬರುತ್ತಾ ಅಂತ ಕೇಳಿಕೊಂಡು ಅಂಗಡಿಗೆ ಬರುತ್ತಾರೆ.

ಈಗ ಕೂತು ನೆನಪು ಮಾಡಿಕೊಳ್ಳಿ. ಹಿಂಬದಿ ಒಂದೇ ಹಲಗೆಯೋ, ನಡುವೆ ಸೇರಿಸಿದ ಎರಡು ಹಲಗೆಯೋ? ಅಲ್ಲಿ ಮೇಪಲ್ ಮರದ ಪಟ್ಟೆಗಳು ನಡುವಿನಿಂದ ಮೇಲಕ್ಕೆ ಹೋಗುತ್ತವೋ ಕೆಳಕ್ಕೆ ಇಳಿಯುತ್ತವೋ? ಅಂಚಿನ ಸುತ್ತ ಇರುವ ಕಪ್ಪು ಗೆರೆ ಮರ ಕೊರೆದು ಕೂರಿಸಿದ್ದೋ ಬಣ್ಣದಲ್ಲಿ ಎಳೆದದ್ದೋ? ತಂತಿ ಬಿಗಿಸುವ ಬಿರಡೆ ಎಬನಿ ಮರದ್ದೋ ಬೀಟೆಯದ್ದೋ, ನಾಲ್ಕೂ ಒಂದೇ ಜಾತಿಯೋ? ಒಂದು ಬಿರಡೆ ಮುರಿದು ಬೇರೆ ಹಾಕಿಸಿದ್ದರೆ ಅದಕ್ಕಿಂತ ಒಳ್ಳೆಯ ಗುರುತು ಇಲ್ಲ.

ಮುಂದಿನ ಹಲಗೆ ಸ್ಪ್ರೂಸ್. ಅದರಲ್ಲಿ ಉದ್ದಕ್ಕೆ ಸಣ್ಣ ಗೆರೆಗಳಿವೆಯಲ್ಲ, ಮರ ಬೆಳೆದ ವರ್ಷಗಳ ಗೆರೆ, ಅವು ನಮ್ಮ ಬೆರಳಚ್ಚು ಇದ್ದ ಹಾಗೆ. ಒಂದೆಡೆ ದಟ್ಟ, ಒಂದೆಡೆ ಅಗಲ, ಒಂದು ಪಿಟೀಲಿನದ್ದು ಇನ್ನೊಂದಕ್ಕೆ ಕೂಡೋದಿಲ್ಲ. ಪಾಲಿಶ್ ಬದಲಿಸಬಹುದು, ತಂತಿ, ಸೇತುವೆ, ಬಿರಡೆ ಎಲ್ಲ ಬದಲಿಸಬಹುದು, ಆ ಗೆರೆ ಬದಲಿಸೋಕೆ ಬರೋದಿಲ್ಲ. ನಿಮ್ಮ ಯಾವುದಾದರೂ ಕಚೇರಿಯಲ್ಲಿ ಒಳ್ಳೆಯ ಕ್ಯಾಮೆರಾದವರು ತೆಗೆದ ದೊಡ್ಡ ಫೋಟೋ ಇದ್ದರೆ ಮೂಲ ಫೈಲನ್ನೇ ತರಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದು ಬೇಡ, ಅದರಲ್ಲಿ ಗೆರೆ ಎಲ್ಲ ಕಲಸಿಹೋಗಿರುತ್ತದೆ.

ನಮ್ಮ ಸಂಗೀತದವರಿಗೆ ಇನ್ನೊಂದು ಅನುಕೂಲ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತುದಿಯ ಸುರುಳಿಯನ್ನು ಬಲಗಾಲಿನ ಪಾದದ ಹತ್ತಿರ ಇಟ್ಟುಕೊಂಡು ನುಡಿಸುತ್ತೇವೆ. ವರ್ಷಾನುಗಟ್ಟಲೆ ಹಾಗೆ ಇಟ್ಟರೆ ಅಲ್ಲಿ ಒಂದು ಕಡೆ ಪಾಲಿಶ್ ಹೋಗಿ ಮರ ನುಣ್ಣಗೆ ಬೆಳ್ಳಗಾಗುತ್ತದೆ. ಭುಜದ ಮೇಲೆ ಇಟ್ಟು ನುಡಿಸಿದ ಪಿಟೀಲಿನಲ್ಲಿ ಅದು ಬರೋದಿಲ್ಲ. ಆಯುಧಪೂಜೆಗೆ ಅರಿಶಿನ ಕುಂಕುಮ ಎಲ್ಲಿ ಹಚ್ಚುತ್ತಿದ್ದಿರಿ? ಸುರುಳಿಯ ಸಂದಿನೊಳಗೆ ಅದು ಕೂತರೆ ಎಷ್ಟು ಒರೆಸಿದರೂ ಹೋಗೋದಿಲ್ಲ. ನಾನು ರಿಪೇರಿಗೆ ಬಂದ ಪಿಟೀಲು ಯಾರ ಮನೆಯದು ಅಂತ ಎಷ್ಟೋ ಸಲ ಕುಂಕುಮ ನೋಡಿ ಹೇಳಿದ್ದೇನೆ.

ಹಿಂದೆ ಬಿರುಕು ಬಿಟ್ಟು ಅಂಟಿಸಿದ್ದು ಉಂಟಾ? ಬಿರುಕು ಅಂಟಿಸಿದಾಗ ಒಳಗಡೆಯಿಂದ ಸಣ್ಣ ಮರದ ಚೂರುಗಳನ್ನು ಆಸರೆಗೆ ಹಚ್ಚಿರುತ್ತೇವೆ. ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಒಳಗೆ ಬಿಟ್ಟರೆ ಕಾಣುತ್ತದೆ. ಕದ್ದವನು ಹೊರಗೆ ಏನೇ ಮಾಡಲಿ, ಒಳಗಿನದು ಅವನಿಗೆ ಗೊತ್ತೇ ಇರೋದಿಲ್ಲ.

ಎಲ್ಲಿ ಹುಡುಕಬೇಕು ಅಂದರೆ, ಪವರ್ ಬ್ಯಾಂಕ್ ಜೊತೆ ಪಿಟೀಲು ಎತ್ತಿದವನು ಪಿಟೀಲಿನ ಕಳ್ಳ ಅಲ್ಲ. ಪೆಟ್ಟಿಗೆ ಚೆನ್ನಾಗಿತ್ತು, ಎತ್ತಿದ. ಮನೆಗೆ ಹೋಗಿ ತೆಗೆದು ನೋಡಿದಾಗ ಅವನಿಗೇ ತಲೆನೋವು. ಕೆ.ಆರ್. ಮಾರ್ಕೆಟ್ ಆಸುಪಾಸಿನ ಸಂಡೇ ಬಜಾರ್, ಗುಜರಿ, ಸೆಕೆಂಡ್ ಹ್ಯಾಂಡ್ ಆ್ಯಪ್‌ಗಳು. ಆ್ಯಪ್‌ನಲ್ಲಿ ವಯೊಲಿನ್ ಅಂತ ಮಾತ್ರ ಹುಡುಕಬೇಡಿ, ಗಿಟಾರ್ ಅಂತಲೂ ಹುಡುಕಿ. ನಿಜ ಹೇಳುತ್ತಿದ್ದೇನೆ. ಮಾರುವವನಿಗೆ ಅದು ಏನು ಅಂತ ಗೊತ್ತಿರೋದಿಲ್ಲ.

ಸುಮ್ನೆ_ಓದುಗ:

ಯಾರೂ ಕೋಪ ಮಾಡಿಕೊಳ್ಳಬೇಡಿ. ಸಂಗೀತ ಇರೋದು ಕೈಯಲ್ಲಿ ಅಲ್ವಾ? ಒಂದು ಫ್ಯಾಕ್ಟರಿ ಪಿಟೀಲಿಗೆ ಪೊಲೀಸು, ಡಿಸಿಪಿ, ಮ್ಯಾಜಿಸ್ಟ್ರೇಟು ಅಂತ ಅಲೆದು ಆರು ತಿಂಗಳು ಹಾಳು ಮಾಡಿಕೊಳ್ಳುವ ಬದಲು ಒಂದು ಒಳ್ಳೆಯ ಹೊಸದು ತಗೊಂಡು ಪಾಠ ಶುರು ಮಾಡಬಹುದಲ್ಲ. ಚೌಡಯ್ಯನವರ ಹಾಗೆ ಏಳು ತಂತಿಯ ಪಿಟೀಲಾಗಿದ್ದರೆ ಸಿಗುತ್ತಿತ್ತು, ಕದ್ದವನಿಗೆ ಮಾರೋಕೆ ಗಿರಾಕಿಯೇ ಇರುತ್ತಿರಲಿಲ್ಲ. ನಾಲ್ಕು ತಂತಿಯದು ಸಾವಿರಾರು ಇವೆ.

ತನಿ_ಮೃದಂಗ:

@ಸುಮ್ನೆ_ಓದುಗ ಏಳು ತಂತಿ ಮಾತು ಚೆನ್ನಾಗಿದೆ, ಉಳಿದದ್ದು ಒಪ್ಪೋದಿಲ್ಲ ಮಾರಾಯ. ಸಂಗೀತ ಕೈಯಲ್ಲಿದೆ ನಿಜ, ಆದರೆ ಆ ಕೈಯನ್ನು ತಯಾರು ಮಾಡಿದ್ದು ಯಾವುದು? ಒಂದು ವಾದ್ಯದ ಮೇಲೆ ಹದಿನೈದು ವರ್ಷ ಕೂತರೆ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅನ್ನೋದನ್ನು ಆ ವಾದ್ಯವೇ ಕಲಿಸಿರುತ್ತದೆ. ಪಿಟೀಲಿಗೆ ವೀಣೆಯ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟಿಲೂ ಇಲ್ಲ. ಕುತ್ತಿಗೆ ಒಂದು ನೂಲು ದಪ್ಪ ಇದ್ದರೂ ಗಾಂಧಾರ ಸ್ವರ ಜಾಗ ಬಿಟ್ಟು ಕೂರುತ್ತದೆ.

ನನ್ನ ಮೃದಂಗ ಒಂದು ಬಸ್ಸಿನ ಡಿಕ್ಕಿಯಿಂದ ಹೋಗಿದೆ. ನಮ್ಮಲ್ಲಿ ಚರ್ಮ ಆಗಾಗ ಬದಲಾಗುತ್ತದೆ, ಅದರ ಮೇಲಿನ ಕಪ್ಪು ಲೇಪ, ಅಂದರೆ ಕರಣೆ, ಹೊಸದಾಗಿ ಹಾಕಿಸುತ್ತಲೇ ಇರುತ್ತೇವೆ, ಉಳಿಯೋದು ಹಲಸಿನ ಮರದ ಒಡಲು ಮಾತ್ರ. ಹಾಗಿದ್ದರೆ ಕಳೆದದ್ದು ಬರೀ ಮರ ಅಲ್ವಾ ಅಂತ ನಮ್ಮ ಅಣ್ಣನೂ ಕೇಳಿದ್ದ. ಹೌದು, ಬರೀ ಮರ. ಆದರೆ ಆ ಮರದ ನಾದ ಬೇರೆ ಮರದಲ್ಲಿ ಬರಲಿಲ್ಲ, ಏನು ಮಾಡೋದು.

ಹೊಸದು ಕೊಳ್ಳುವ ವಿಷಯದಲ್ಲಿ ಅಕ್ಕನಿಗೆ ಒಂದೇ ಮಾತು. ಈಗಲೇ ಕೊಳ್ಳಬೇಡಿ. ನಾನು ಮರುವಾರವೇ ಹೋಗಿ ತಂದೆ. ತಂದದ್ದು ಕೆಟ್ಟದ್ದೇನಲ್ಲ. ಆದರೆ ಪ್ರತಿ ಮೀಟಿಗೂ ಹಳೆಯದರ ಜೊತೆ ಹೋಲಿಸಿ ಹೋಲಿಸಿ ಅದನ್ನು ದ್ವೇಷಿಸುವ ಹಾಗಾಯಿತು, ಕೊನೆಗೆ ಶಿಷ್ಯನಿಗೆ ಕೊಟ್ಟೆ. ಅವನ ಕೈಯಲ್ಲಿ ಅದು ಎಷ್ಟು ಚೆನ್ನಾಗಿ ಮಾತಾಡುತ್ತದೆ ಗೊತ್ತಾ! ಯಾರದ್ದಾದರೂ ಎರವಲು ತಗೊಂಡು ನುಡಿಸಿ. ಎರವಲು ವಾದ್ಯದ ಮೇಲೆ ಯಾರೂ ಸಿಟ್ಟಾಗೋದಿಲ್ಲ.

ಅಮ್ಮನಿಗೆ ಹೇಳಿ. ಬೇರೆಯವರ ಬಾಯಿಂದ ಗೊತ್ತಾದರೆ ಅದು ಜಾಸ್ತಿ ನೋವು. ಸಂಗೀತದವರ ಲೋಕ ಎಷ್ಟು ಸಣ್ಣದು ಅಂತ ನಿಮಗೂ ಗೊತ್ತು, ಬಹುಶಃ ಈಗಾಗಲೇ ಮೈಸೂರು ತಲುಪಿರುತ್ತದೆ.

ಜರ್ಸಿ_ಕನ್ನಡಿಗ:

ಗ್ರೀನ್ ರೂಮ್ ಕಳ್ಳತನ ಅಂದ ಕೂಡಲೇ ಹ್ಯೂಬರ್‌ಮನ್ ಕಥೆ ನೆನಪಾಯಿತು. 1936ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಬ್ರಾನಿಸ್ಲಾವ್ ಹ್ಯೂಬರ್‌ಮನ್ ವೇದಿಕೆ ಮೇಲೆ ತಮ್ಮ ಇನ್ನೊಂದು ಪಿಟೀಲು ನುಡಿಸುತ್ತಿದ್ದಾಗ, ಒಳಗೆ ಕೋಣೆಯಲ್ಲಿದ್ದ 1713ರ ಸ್ಟ್ರಾಡಿವೇರಿಯಸ್ ಹೋಯಿತು. ಇದು ಚೀಟಿ ಸ್ಟ್ರಾಡ್ ಅಲ್ಲ, ಅಸಲಿ. ಜೂಲಿಯನ್ ಆಲ್ಟ್‌ಮನ್ ಅನ್ನುವ ಸಾಧಾರಣ ಪಿಟೀಲುವಾದಕನ ಹತ್ತಿರ ಅದು ಹೆಚ್ಚುಕಮ್ಮಿ ಅರ್ಧ ಶತಮಾನ ಇತ್ತು. ಗುರುತು ಸಿಗದಿರಲಿ ಅಂತ ಬೂಟ್ ಪಾಲಿಶ್ ಹಚ್ಚಿ ಕಪ್ಪು ಮಾಡಿದ್ದನಂತೆ. ನುಡಿಸಿದ್ದು ಹೋಟೆಲು, ಪಾರ್ಟಿಗಳಲ್ಲಿ. 1985ರಲ್ಲಿ ಸಾಯುವ ಮೊದಲು ಹೆಂಡತಿಗೆ ಬಾಯಿಬಿಟ್ಟ. ಹ್ಯೂಬರ್‌ಮನ್ 1947ರಲ್ಲೇ ತೀರಿಕೊಂಡಿದ್ದರು. ಈಗ ಅದು ಅಮೆರಿಕದ ಪಿಟೀಲುವಾದಕ ಜೋಶುವಾ ಬೆಲ್ ಕೈಯಲ್ಲಿದೆ.

ಪಿಟೀಲುವಾದಕ ರೋಮನ್ ಟೋಟನ್‌ಬರ್ಗ್ ಅವರ ಸ್ಟ್ರಾಡ್ ಕಥೆಯೂ ಹೀಗೇ. 1980ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕಚೇರಿಯ ನಂತರ ಕಳುವು. ಯಾರು ಕದ್ದದ್ದು ಅಂತ ಅವರಿಗೆ ಅನುಮಾನ ಇತ್ತು, ಸಾಕ್ಷಿ ಸಿಗಲಿಲ್ಲ. 2012ರಲ್ಲಿ 101ನೇ ವಯಸ್ಸಿಗೆ ತೀರಿಕೊಂಡರು. 2015ರಲ್ಲಿ ಬೆಲೆ ಕಟ್ಟಿಸೋಕೆ ಅಂತ ತಂದಾಗ ಒಬ್ಬ ತಜ್ಞ ಗುರುತು ಹಿಡಿದು ಪೊಲೀಸರಿಗೆ ಹೇಳಿದ. ಹೆಣ್ಣುಮಕ್ಕಳ ಕೈಗೆ ವಾಪಸ್ ಬಂತು. ಅನುಮಾನ ಇದ್ದವನೇ ಕಳ್ಳ.

ವಿಮೆ ಬಗ್ಗೆ ಯಾರೂ ಬರೆದಿಲ್ಲ ಅಂತ ಸೇರಿಸುತ್ತೇನೆ. 2010ರಲ್ಲಿ ಲಂಡನ್ನಿನ ಯೂಸ್ಟನ್ ಸ್ಟೇಷನ್ ಹತ್ತಿರದ ಕೆಫೆಯಲ್ಲಿ ಮಿನ್-ಜಿನ್ ಕಿಮ್ ಎಂಬ ಕಲಾವಿದೆಯ 1696ರ ಸ್ಟ್ರಾಡ್ ಕಳುವಾಯಿತು. ಕದ್ದವರು ಅದನ್ನು ನೂರು ಪೌಂಡಿಗೆ ಮಾರೋಕೆ ನೋಡಿದ್ದರು, ಬಿರಡೆಯವರು ಹೇಳಿದ ಹಾಗೆ ಏನು ಅಂತ ಗೊತ್ತೇ ಇಲ್ಲ. 2013ರಲ್ಲಿ ಸಿಕ್ಕಿತು. ಆದರೆ ಅಷ್ಟರಲ್ಲಿ ಅವರು ವಿಮೆ ಹಣ ತಗೊಂಡಾಗಿತ್ತು, ಪಿಟೀಲು ವಿಮೆಯವರದ್ದಾಗಿತ್ತು. ಹಣದಲ್ಲಿ ಬೇರೆ ಪಿಟೀಲು ಕೊಂಡಿದ್ದರು. ಹರಾಜಿನಲ್ಲಿ 13.8 ಲಕ್ಷ ಪೌಂಡಿಗೆ ಬೇರೆಯವರ ಪಾಲಾಯಿತು. ಕೈಗೆ ಸಿಗುವ ದೂರದಲ್ಲೇ ಇತ್ತು, ಸಿಗಲಿಲ್ಲ. ವಿಮೆ ಇರುವವರು ಪಾಲಿಸಿಯಲ್ಲಿ, ವಸ್ತು ವಾಪಸ್ ಸಿಕ್ಕರೆ ಹಣ ಹಿಂತಿರುಗಿಸಿ ನಾನೇ ಪಡೆಯಬಹುದಾ ಅನ್ನೋದನ್ನು ಈಗಲೇ ಓದಿಕೊಳ್ಳಿ.

ಮಂದ್ರಪಂಚಮ:

ನನಗೆ ವಿಮೆ ಇಲ್ಲ. ಮನೆಗೆ ಇದೆ, ಅದರಲ್ಲಿ ಬರುತ್ತಾ?

ಕೋರ್ಟ್_ಕಾರಿಡಾರ್:

ಕಷ್ಟ. 2021ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಆದರೆ ಅದು ಬೆಂಕಿ, ನೆರೆ, ಭೂಕಂಪ ಇಂಥವಕ್ಕೆ. ಅಂಥ ಅನಾಹುತ ಆಗಿ 7 ದಿನದೊಳಗೆ ಅದರಿಂದಾಗಿ ಕಳ್ಳತನ ಆದರೆ ಮಾತ್ರ ಒಳಗೆ ಬರುತ್ತದೆ. ಬರೀ ಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಅದೂ ಸಾಮಾನ್ಯವಾಗಿ ಮನೆಯೊಳಗಿನದಕ್ಕೆ. ವಾದ್ಯ ಊರೂರು ತಿರುಗುವವರು ಹೊರಗೆ ಒಯ್ದಾಗಲೂ ನಡೆಯುವ ಆಲ್ ರಿಸ್ಕ್ ಕವರ್ ಕೇಳಿ ತಗೊಳ್ಳಬೇಕು. ಕ್ಲೇಮ್‌ಗೆ ಎಫ್‌ಐಆರ್ ಜೊತೆ, ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಹಾಕುವ ಸಿ ರಿಪೋರ್ಟ್ ಕೇಳುತ್ತಾರೆ. ಸಿ ರಿಪೋರ್ಟ್ ಆಯಿತು ಅಂತ ಎದೆಗುಂದಬೇಡಿ, ಮುಂದೆ ಸುಳಿವು ಸಿಕ್ಕರೆ ತನಿಖೆ ಮತ್ತೆ ತೆಗೆಯಬಹುದು.

ಇನ್ನೊಂದು ಎಚ್ಚರಿಕೆ. ಫೇಸ್‌ಬುಕ್‌ನಲ್ಲಿ ನಂಬರ್ ಹಾಕಿದ ಕೂಡಲೇ ನಿಮಗೆ ಫೋನ್ ಬರುತ್ತದೆ. ನಿಮ್ಮ ಪಿಟೀಲು ನೋಡಿದೆ, ಎರಡು ಸಾವಿರ ಫೋನ್ ಪೇ ಮಾಡಿ, ತಂದು ಕೊಡುತ್ತೇನೆ. ಮಾಡಬೇಡಿ. ಪಿಟೀಲಿನ ಒಳಗೆ ಏನಿದೆ ಅಂತ ಒಂದು ಪ್ರಶ್ನೆ ಕೇಳಿ, ಅಲ್ಲಿಗೆ ಫೋನ್ ಕಟ್ ಆಗುತ್ತದೆ. ಅದಕ್ಕೇ ಎಲ್ಲ ಗುರುತನ್ನೂ ಜಾಹೀರು ಮಾಡಬೇಡಿ, ಒಂದೆರಡು ಪೊಲೀಸರಿಗೆ ಮಾತ್ರ ಗೊತ್ತಿರಲಿ. ಬಹುಮಾನ ಘೋಷಿಸುವುದು ತಪ್ಪಲ್ಲ. ಆದರೆ ಕಳ್ಳನನ್ನು ಹಿಡಿಸುವ ಪ್ರಯತ್ನವೇ ಮಾಡದೆ ಮಾಲು ಕೊಡಿಸುತ್ತೇನೆ ಅಂತ ದುಡ್ಡು ತಗೊಳ್ಳುವ ಮಧ್ಯವರ್ತಿ ತಾನೇ ಅಪರಾಧಿ ಆಗುತ್ತಾನೆ.

ಹುಬ್ಬಳ್ಳಿ_ತಂಬೂರಿ:

ಮೇಡಂ ನಮ್ಮ ಕಡೆಯಿಂದ ಒಂದು ಮಾತು ನೋಡ್ರಿ. ಇಲ್ಲಿ ಧಾರವಾಡ ಹುಬ್ಬಳ್ಳಿ, ಅತ್ತ ಮಿರಜ ತನಕ ಸಿತಾರ, ತಂಬೂರಿ ರಿಪೇರಿ ಮಾಡುವವರದ್ದು ಒಂದು ಬಳಗ ಇದೆ. ನನ್ನ ಕಾಕಾನ ಸಿತಾರ ರೈಲಿನಲ್ಲಿ ಹೋಗಿತ್ತು. ಪೊಲೀಸರಿಗೂ ಕೊಟ್ಟಿದ್ದೆವು, ಆದರೆ ಸಿಕ್ಕದ್ದು ರಿಪೇರಿಯವರಿಂದ. ಯಾರೋ ಸಿತಾರದ ಕುಂಬಳದ ಬುರುಡೆ ಬಿರುಕು ಬಿಟ್ಟಿದೆ, ಸರಿ ಮಾಡಿ ಕೊಡ್ರಿ ಅಂತ ತಂದರು, ಆ ಕುಂಬಳದ ಮೇಲಿನ ಹಳೇ ಬೆಸುಗೆ ತಾನೇ ಹಾಕಿದ್ದು ಅಂತ ರಿಪೇರಿಯವರಿಗೆ ಗೊತ್ತಾಯಿತು. ತಂದವರು ಕಳ್ಳರೂ ಅಲ್ಲ, ಮಗಳಿಗೆ ಕಲಿಸೋಣ ಅಂತ ಕಡಿಮೆ ರೊಕ್ಕಕ್ಕೆ ಕೊಂಡಿದ್ದ ಪಾಪದವರು. ಆ ಹುಡುಗಿ ಅಳುತ್ತಾ ಕೊಟ್ಟಳಂತೆ. ನಮ್ಮ ಕಾಕಾ ಅವಳಿಗೆ ಬೇರೆ ಸಿತಾರ ಹುಡುಕಿ ಕೊಡಿಸಿ, ಒಂದಿಷ್ಟು ದಿನ ಪಾಠಾನೂ ಹೇಳಿದರು.

ಆದ್ದರಿಂದ ನಿಮ್ಮ ಪಿಟೀಲನ್ನು ಹಿಂದೆ ಯಾರು ರಿಪೇರಿ ಮಾಡಿದ್ದರೋ ಅವರನ್ನು ಮೊದಲು ಹುಡುಕ್ರಿ.

ಬಿರಡೆ_ತಿರುವವ:

ನೂರಕ್ಕೆ ನೂರು ನಿಜ. ಕದ್ದ ವಾದ್ಯ ಎಂದಾದರೊಂದು ದಿನ ನಮ್ಮಂಥವರ ಮೇಜಿನ ಮೇಲೆ ಬರಲೇಬೇಕು. ತಂತಿ ಹರಿಯುತ್ತದೆ, ಒಳಗೆ ನಿಲ್ಲಿಸಿದ ಸಣ್ಣ ಮರದ ಕಡ್ಡಿ, ಸೌಂಡ್ ಪೋಸ್ಟ್, ಬೀಳುತ್ತದೆ, ಮಳೆಗಾಲದಲ್ಲಿ ಅಂಟು ಬಿಡುತ್ತದೆ. ಕೊಂಡವನಿಗೆ ಏನೂ ಗೊತ್ತಿಲ್ಲದಿದ್ದರೆ ಇನ್ನೂ ಬೇಗ ಬರುತ್ತದೆ. ಗೊತ್ತಿದ್ದೂ ಕದ್ದ ಮಾಲು ಇಟ್ಟುಕೊಂಡರೆ ನಮ್ಮ ಮೇಲೂ ಕೇಸು ಬೀಳುತ್ತದೆ ಅಂತ ಒಳ್ಳೆಯ ಅಂಗಡಿಯವರು ಹುಷಾರಾಗಿರುತ್ತಾರೆ. ಜರ್ಸಿಯವರು ಬೂಟ್ ಪಾಲಿಶ್ ಅಂದರಲ್ಲ, ನನ್ನ ಹತ್ತಿರ ಮನೆಗೆ ಹಚ್ಚುವ ವಾರ್ನಿಷ್ ಹಚ್ಚಿಕೊಂಡು ಬಂದ ಪಿಟೀಲು ನೋಡಿದ್ದೇನೆ. ಅದನ್ನು ಹಚ್ಚಿದವನಿಗೆ ಬೇರೆ ಶಿಕ್ಷೆಯೇ ಕೊಡಬೇಕು.

ಸುಮ್ನೆ_ಓದುಗ:

ಸರಿ ಸರಿ, ಸಿತಾರದ ಕಥೆ ಓದಿದ ಮೇಲೆ ನನ್ನ ಮಾತು ಸ್ವಲ್ಪ ವಾಪಸ್ ತಗೊಳ್ಳುತ್ತೇನೆ. ಆದರೆ ಮಕ್ಕಳ ಪಾಠ ನಿಲ್ಲಿಸಬೇಡಿ ಮೇಡಂ, ಅದು ಮಾತ್ರ ವಾಪಸ್ ತಗೊಳ್ಳೋದಿಲ್ಲ.

ಮಂದ್ರಪಂಚಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಿನ ಪರಿಸ್ಥಿತಿ ಹೇಳಿಬಿಡುತ್ತೇನೆ.

ಎಫ್‌ಐಆರ್ ಆಯಿತು. 5,000ದ ವಿಷಯ ಹೇಳಿದ್ದಕ್ಕೆ ಕೋರ್ಟ್ ಕಾರಿಡಾರ್ ಅವರಿಗೆ ದೊಡ್ಡ ನಮಸ್ಕಾರ. ಇನ್ಸ್‌ಪೆಕ್ಟರ್ ಅವರೇ ಬೆಲೆಯ ಪತ್ರ ಓದಿ, ಇಷ್ಟು ಬೆಲೆ ಬಾಳುತ್ತಾ ಇದು ಅಂತ ಹುಬ್ಬೇರಿಸಿದರು, ಆಮೇಲೆ ಬೇರೆ ಮಾತಿಲ್ಲ. ಗಾಯಕರೂ ಅದರಲ್ಲೇ ಸೇರಿಕೊಂಡರು. ಒಂದು ಅಂಗಡಿಯ ಸಿಸಿಟಿವಿಯಲ್ಲಿ ಇಬ್ಬರು ಸ್ಕೂಟರಿನಲ್ಲಿ ಹೋಗೋದು ಕಾಣುತ್ತದೆ, ನಡುವೆ ಉದ್ದನೆಯ ಪೆಟ್ಟಿಗೆ. ನಂಬರ್ ಪ್ಲೇಟ್ ಕಾಣೋದಿಲ್ಲ. ಪೊಲೀಸರು ಮುಂದಿನ ಸರ್ಕಲ್‌ಗಳ ಕ್ಯಾಮೆರಾ ನೋಡುತ್ತಿದ್ದಾರೆ.

ಅಮ್ಮನಿಗೆ ಹೇಳಿದೆ. ಮೈಸೂರಿಗೇ ಹೋಗಿ ಹೇಳಿದೆ. ತನಿಯವರೇ, ನೀವು ಅಂದದ್ದು ಸರಿ, ಅವರಿಗೆ ಮೊದಲೇ ಗೊತ್ತಿತ್ತು! ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ ಕಣೇ ಅಂದರು. ಅತ್ತಿದ್ದು ನಾನು, ಅವರಲ್ಲ. ಆಮೇಲೆ ಕಾಫಿ ಕೊಟ್ಟು, ಅಟ್ಟದ ಟ್ರಂಕಿನಿಂದ ಮೇಷ್ಟ್ರ ಹಳೇ ಡೈರಿಗಳನ್ನು ಇಳಿಸಿಸಿದರು. ಮೇಷ್ಟ್ರು ಹಾಲಿನ ಲೆಕ್ಕದಿಂದ ಹಿಡಿದು ಎಲ್ಲ ಬರೆಯುವವರು. 1987ರದ್ದರಲ್ಲಿ "ಪಿಟೀಲು ಬಿರುಕು, ಎಡಗಡೆ, ಒಳಗೆ ಮೂರು ಪಟ್ಟಿ" ಅಂತ ಇದೆ, ರಿಪೇರಿಗೆ ಕೊಟ್ಟ ದುಡ್ಡಿನ ಲೆಕ್ಕವೂ ಇದೆ. ನನಗೆ ಆ ಬಿರುಕು ಇದ್ದದ್ದೇ ಗೊತ್ತಿರಲಿಲ್ಲ, ಅಷ್ಟು ಚೆನ್ನಾಗಿ ಅಂಟಿಸಿದ್ದಾರೆ. ಮೂರು ಪಟ್ಟಿ ಅಂದರೆ ಬಿರಡೆಯವರು ಹೇಳಿದ ಆ ಮರದ ಚೂರುಗಳೇ ಇರಬೇಕು. ಆ ಪುಟವನ್ನು ಪೊಲೀಸರಿಗೆ ಕೊಟ್ಟೆ.

ಆಗ ಅಮ್ಮ ಇನ್ನೊಂದು ಹೇಳಿದರು. ಸುರುಳಿಯ ಹತ್ತಿರ ಬಿಳಿ ಆಗಿರುವ ಜಾಗ ಮೇಷ್ಟ್ರ ಕಾಲಿನದ್ದು, ನಿನ್ನದಲ್ಲ, ನೀನು ಸ್ವಲ್ಪ ಕೆಳಗೆ ಇಟ್ಟುಕೊಳ್ಳುತ್ತೀಯ, ನಿನ್ನದು ಇನ್ನೂ ಸರಿಯಾಗಿ ಬಿದ್ದಿಲ್ಲ ಅಂತ. ಎಷ್ಟು ವರ್ಷದಿಂದ ನೋಡಿಟ್ಟುಕೊಂಡಿದ್ದರೋ. ಹಾಗಾಗಿ ಎರಡು ಕಡೆ ಸವೆದ ಗುರುತು ಇದೆ, ಒಂದು ಜಾಸ್ತಿ, ಒಂದು ಕಡಿಮೆ. ಇದನ್ನೂ ಹೇಳಿಕೆಯಲ್ಲಿ ಸೇರಿಸಿದ್ದಾರೆ. ಬರೆದುಕೊಂಡ ಪೇದೆ ಎರಡು ಸಲ ಓದಿ ಹೇಳಿಸಿದರು.

ಸದ್ಯಕ್ಕೆ ಶಿಷ್ಯೆಯೊಬ್ಬಳ ಅಮ್ಮನ ಪಿಟೀಲಿನಲ್ಲಿ ಪಾಠ ನಡೆಯುತ್ತಿದೆ. ತಾರ ಸ್ಥಾಯಿ ಚೆನ್ನಾಗಿದೆ, ಮಂದ್ರದಲ್ಲಿ ಏನೂ ಇಲ್ಲ.

ಕೇಳಬೇಕಾದದ್ದು ಒಂದೇ ಬಾಕಿ. ನಾಳೆ ಸಿಕ್ಕಿತು ಅಂತ ಇಟ್ಟುಕೊಳ್ಳಿ, ಕೇಸು ಮುಗಿಯುವ ತನಕ ಠಾಣೆಯಲ್ಲೇ ಇರುತ್ತಾ? ಆ ಮಾಲ್‌ಖಾನೆಯಲ್ಲಿ ಒಂದು ಮಳೆಗಾಲ ಕಳೆದರೆ ಉಳಿಯುತ್ತಾ?

ಕೋರ್ಟ್_ಕಾರಿಡಾರ್:

ಇರಬೇಕಾಗಿಲ್ಲ. ಮಾಲು ಠಾಣೆಯಲ್ಲಿ ಕೊಳೆಯೋಕೆ ಬಿಡಬೇಡಿ ಅಂತ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಿಕ್ಕ ಕೂಡಲೇ ಮ್ಯಾಜಿಸ್ಟ್ರೇಟ್ ಮುಂದೆ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವ ತನಕ ವಸ್ತು ನಿಮ್ಮ ವಶಕ್ಕೆ ಕೊಡಿ ಅಂತ, ಅರ್ಜಿ ಹಾಕಿ. ಹೊಸ ಕಾನೂನಿನಲ್ಲಿ ಮಾಲಿನ ಫೋಟೋ, ವಿಡಿಯೋ ತೆಗೆದು ಪಟ್ಟಿ ಮಾಡಿ ಬಿಡುಗಡೆ ಮಾಡೋಕೆ ಅವಕಾಶ ಇದೆ, ಅದೇ ಫೋಟೋ ಸಾಕ್ಷಿಗೂ ನಡೆಯುತ್ತದೆ. ಬಾಂಡ್ ಬರೆದುಕೊಡಬೇಕು. ಕೇಸು ಮುಗಿಯುವ ತನಕ ಮಾರಬಾರದು, ರೂಪ ಬದಲಿಸಬಾರದು, ಕೋರ್ಟ್ ಕರೆದಾಗ ತರಬೇಕು. ನುಡಿಸಬಾರದು ಅಂತ ಎಲ್ಲೂ ಇಲ್ಲ.

ಬಿರಡೆ_ತಿರುವವ:

ಸಿಕ್ಕರೆ ಶ್ರುತಿ ಮಾಡೋಕೆ ಮಾತ್ರ ನೀವೇ ಹೋಗಬೇಡಿ, ಮೊದಲು ನನ್ನ ಹತ್ತಿರ ತನ್ನಿ. ಯಾರು ಎಷ್ಟು ಎಳೆದಿದ್ದಾರೋ, ಎಲ್ಲಿ ಇಟ್ಟಿದ್ದರೋ. 1987ರ ಆ ರಿಪೇರಿ ಯಾರು ಮಾಡಿದ್ದು ಅಂತ ಡೈರಿಯಲ್ಲಿ ಹೆಸರಿದ್ದರೆ ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಎಡಗಡೆ ಬಿರುಕಿಗೆ ಮೂರೇ ಪಟ್ಟಿ ಹಾಕಿ ಹೊರಗೆ ಕಾಣದ ಹಾಗೆ ಕೂರಿಸುವವರು ಮೈಸೂರಿನಲ್ಲಿ ಆಗ ಜಾಸ್ತಿ ಜನ ಇರಲಿಲ್ಲ. ಒಬ್ಬರ ಮಗ ಈಗಲೂ ಅದೇ ಕೆಲಸದಲ್ಲಿದ್ದಾನೆ, ಅವನಿಗೂ ಫೋಟೋ ಕಳಿಸುತ್ತೇನೆ.

ಹುಬ್ಬಳ್ಳಿ_ತಂಬೂರಿ:

ನನಗೂ ಕಳಿಸ್ರಿ. ಮಿರಜ ತನಕ ನಾನು ಮುಟ್ಟಿಸುತ್ತೇನೆ.